ಒಂದೇ ನಾಚ್ ಸಿಗ್ನಲ್, ರೆಕ್ಕೆಯಲ್ಲಿ ಒಂದು ಥರ, ಬೆನ್ನ ಮೇಲೆ ಎರಡು ಥರ: ಯಾಕೆ?

ಪ್ರಶ್ನೆ: ನಾನು ಎಂಎಸ್ಸಿ ಪ್ರಾಣಿಶಾಸ್ತ್ರದ ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ಪ್ರಾಜೆಕ್ಟ್‌ಗೆ ಹಣ್ಣಿನ ನೊಣದ ನಾಚ್ ಸಿಗ್ನಲ್, ಅಂದರೆ ಪಕ್ಕಪಕ್ಕದ ಕೋಶಗಳು ಒಂದಕ್ಕೊಂದು ಕೊಡುವ ಒಂದು ಸುದ್ದಿ, ತೆಗೆದುಕೊಂಡಿದ್ದೇನೆ. ನಾಚ್ ಕಡಿಮೆ ಮಾಡುವ ಒಂದೇ ಆರ್‌ಎನ್‌ಎಐ ಸ್ಟಾಕನ್ನು (ಸ್ಟಾಕ್ ಅಂದರೆ ಲ್ಯಾಬ್‌ನಲ್ಲಿ ಉಳಿಸಿಕೊಂಡ ನೊಣದ ತಳಿ), ಅದನ್ನು ಮೈಯ ಒಂದೊಂದು ಜಾಗದಲ್ಲಿ ಆನ್ ಮಾಡುವ ಎರಡು ಗಾಲ್4 ಸ್ಟಾಕ್‌ಗಳ ಜೊತೆ ಕ್ರಾಸ್ ಮಾಡಿದೆ. ರೆಕ್ಕೆಯಂಚಿನಲ್ಲಿ ಕೆಲಸ ಮಾಡುವ ಸಿ96 ಜೊತೆ ಮಾಡಿದ ಕ್ರಾಸ್‌ನಲ್ಲಿ ರೆಕ್ಕೆಯ ಅಂಚು ಕಚ್ಚಿದ ಹಾಗೆ ತುಂಡಾಗಿದೆ. ಇದು ಪುಸ್ತಕದಲ್ಲಿ ಓದಿದ ಹಾಗೇ ಇದೆ. ನಡುಬೆನ್ನಿನಲ್ಲಿ ಕೆಲಸ ಮಾಡುವ ಪ್ಯಾನಿಯರ್ ಜೊತೆ ಮಾಡಿದ್ದರಲ್ಲಿ ಮಾತ್ರ ಗೊಂದಲ. ಕೆಲವು ನೊಣಗಳ ಬೆನ್ನಿನ ಮೇಲೆ ಬಿರುಗೂದಲು ಗುಂಪುಗುಂಪಾಗಿ ಬಂದಿವೆ, ಇನ್ನು ಕೆಲವಕ್ಕೆ ನಡುಬೆನ್ನು ಪೂರ್ತಿ ಬೋಳು. ಎರಡೂ ಒಂದೇ ಬಾಟಲಿಯಲ್ಲಿವೆ. ಸ್ಟಾಕ್ ಕೆಟ್ಟಿರಬೇಕು, ಬೇರೆ ತರಿಸು ಅಂತ ಗೈಡ್ ಹೇಳುತ್ತಾರೆ. ಸಿಗ್ನಲ್ ಹೋದರೆ ಜೀನೇ ಬದಲಾಗಿಬಿಡುತ್ತದೆ, ಅದಕ್ಕೇ ಹೀಗೆ ಅಂತ ಗೆಳತಿ ಹೇಳುತ್ತಾಳೆ. ಹಾಗಾದರೆ ನಾಚ್ ಜೀನ್‌ಗಳನ್ನು ಆನ್ ಮಾಡುತ್ತದೋ, ಆಫ್ ಮಾಡುತ್ತದೋ? ನೊಣದಿಂದ ಮನುಷ್ಯರಿಗೇನು ಉಪಯೋಗ ಅಂತ ವೈವಾದಲ್ಲಿ ಕೇಳಿದರೆ ಏನು ಹೇಳಲಿ? ಇನ್ನು ಎರಡೂವರೆ ತಿಂಗಳು ಉಳಿದಿದೆ. ನಮ್ಮಲ್ಲಿ ಕಾನ್‌ಫೋಕಲ್ ಮೈಕ್ರೋಸ್ಕೋಪ್ ಇಲ್ಲ. ತಾಪ ಒಂದೇ ಸಮ ಇಡುವ ಬಿಓಡಿ ಇನ್‌ಕ್ಯುಬೇಟರ್ ಇದೆ, ಆದರೆ ಕರೆಂಟ್ ಹೋದರೆ ಅದೂ ನಿಲ್ಲುತ್ತದೆ.

ಉತ್ತರ: ಸ್ಟಾಕ್ ಎಸೆಯಬೇಡಿ. ನೀವು ಬರೆದಿರುವ ಮೂರು ಲಕ್ಷಣಗಳೂ, ಅಂದರೆ ಕಚ್ಚಿದ ರೆಕ್ಕೆಯಂಚು, ಗುಂಪುಕೂದಲು, ಬೋಳು ಬೆನ್ನು, ನಾಚ್ ಕಡಿಮೆಯಾದಾಗ ಬರುವಂಥವೇ. ಒಂದಕ್ಕೊಂದು ವಿರುದ್ಧ ಅನ್ನಿಸುವುದು ನಾವು ಕೊನೆಗೆ ಹೊರಬಂದ ನೊಣವನ್ನು ಮಾತ್ರ ನೋಡುವುದರಿಂದ. ಒಳಗೆ ಯಾವ ಕೋಶದಲ್ಲಿ, ಎಷ್ಟು ಹೊತ್ತಿಗೆ ನಾಚ್ ಕಡಿಮೆಯಾಯಿತು ಅಂತ ನೋಡಿದರೆ ಮೂರಕ್ಕೂ ಲೆಕ್ಕ ಸಿಗುತ್ತದೆ. ನಿಮ್ಮ ಪ್ರಾಜೆಕ್ಟ್‌ನ ಅಸಲಿ ವಿಷಯ ಇರುವುದೂ ಅಲ್ಲೇ.

ಮೊದಲು ಗೆಳತಿಯ ಮಾತು. ಸಿಗ್ನಲ್ ಬಂದರೂ ಹೋದರೂ ಜೀನ್‌ನ ಡಿಎನ್‌ಎ ಅಕ್ಷರಗಳು ಬದಲಾಗುವುದಿಲ್ಲ. ಬದಲಾಗುವುದು ಆ ಜೀನನ್ನು ಕೋಶ ಯಾವಾಗ ಓದುತ್ತದೆ, ಎಷ್ಟು ಓದುತ್ತದೆ ಎಂಬುದು. ಆರ್‌ಎನ್‌ಎಐ ಕೂಡ ಜೀನನ್ನು ಮುಟ್ಟುವುದಿಲ್ಲ. ಅದು ನಾಚ್‌ನ ಎಂಆರ್‌ಎನ್‌ಎಯನ್ನು, ಅಂದರೆ ಜೀನ್ ಓದಿ ಕೋಶ ಮಾಡಿಕೊಂಡ ಪ್ರತಿಯನ್ನು, ಕತ್ತರಿಸಿ ಹಾಕುತ್ತದೆ, ಅಷ್ಟೇ. ಪರೀಕ್ಷೆ ಬೇಕಿದ್ದರೆ ಬೋಳು ಬೆನ್ನಿನ ನೊಣವನ್ನು ಕ್ಯಾಂಟನ್-ಎಸ್ ಎಂಬ ಮಾಮೂಲಿ ತಳಿಯ ಜೊತೆ ಕ್ರಾಸ್ ಮಾಡಿ. ಗಾಲ್4 ಒಂದು ಕಡೆ, ಆರ್‌ಎನ್‌ಎಐ ಇನ್ನೊಂದು ಕಡೆ ಬೇರೆಯಾದ ಮರಿಗಳಿಗೆ ಮಾಮೂಲಿ ಕೂದಲೇ ಬರುತ್ತದೆ. ಜೀನ್ ಬದಲಾಗಿದ್ದರೆ ಹಾಗಾಗುತ್ತಿತ್ತೇ?

ಜೀನ್ ಹಾಗೇ ಇದ್ದು ಓದುವುದು ಮಾತ್ರ ಬದಲಾಗುವುದನ್ನು ನೀವು ಕಣ್ಣಾರೆ ನೋಡಿಯೂ ಇರಬಹುದು. ಬಿಎಸ್ಸಿಯಲ್ಲಿ ಲಾರ್ವಾದ ಜೊಲ್ಲುಗ್ರಂಥಿ ಬಿಡಿಸಿ ಪಾಲಿಟೀನ್ ಎಂಬ ದಪ್ಪ ಕ್ರೋಮೋಸೋಮ್‌ನ ಸ್ಕ್ವ್ಯಾಶ್ ಮಾಡಿರುತ್ತೀರಿ, ಅಲ್ವಾ? ಪಟ್ಟೆಪಟ್ಟೆಯ ನಡುವೆ ಅಲ್ಲಲ್ಲಿ ಉಬ್ಬಿದ ಜಾಗಗಳಿರುತ್ತವೆ. ಅವೇ ಪಫ್‌ಗಳು. ಅಲ್ಲಿನ ಜೀನನ್ನು ಕೋಶ ಜೋರಾಗಿ ಓದುತ್ತಿದೆ ಎಂದರ್ಥ. ಎಕ್ಡೈಸೋನ್ ಹಾರ್ಮೋನ್ ತಗುಲಿದ ಕೆಲವೇ ನಿಮಿಷದಲ್ಲಿ ಕೆಲವು ಪಫ್ ಏಳುತ್ತವೆ. ಇನ್ನೊಂದಷ್ಟು ಗಂಟೆಗಳ ನಂತರ ಏಳುತ್ತವೆ. ಪ್ರೋಟೀನ್ ತಯಾರಿ ತಡೆದರೆ ಮೊದಲಿನವು ಏಳುತ್ತವೆ, ಆದರೆ ಸರಿಯಾಗಿ ಇಳಿಯುವುದಿಲ್ಲ. ತಡವಾದವು ಏಳುವುದೇ ಇಲ್ಲ. ಇದನ್ನೆಲ್ಲ ಇಟ್ಟುಕೊಂಡು 1974ರಲ್ಲಿ ಮೈಕಲ್ ಆಶ್‌ಬರ್ನರ್ ಮತ್ತು ಸಂಗಡಿಗರು ಒಂದು ವಿವರಣೆ ಕೊಟ್ಟರು. ಹಾರ್ಮೋನ್ ಮೊದಲ ಸಾಲಿನ ಜೀನ್‌ಗಳನ್ನು ಎಬ್ಬಿಸುತ್ತದೆ. ಆ ಜೀನ್‌ಗಳ ಪ್ರೋಟೀನ್ ಎರಡನೇ ಸಾಲನ್ನು ಎಬ್ಬಿಸುತ್ತದೆ, ಜೊತೆಗೆ ಮೊದಲ ಸಾಲನ್ನು ಮಲಗಿಸುತ್ತದೆ. ಒಂದೇ ಸಿಗ್ನಲ್‌ನಿಂದ ಆನ್ ಕೂಡ ಆಯಿತು, ಆಫ್ ಕೂಡ ಆಯಿತು. ಇದನ್ನು ನೆನಪಿಟ್ಟುಕೊಳ್ಳಿ, ನಾಚ್‌ಗೆ ಬೇಕಾಗುತ್ತದೆ.

ನಾಚ್ ಕೋಶದ ಹೊರಪೊರೆಯನ್ನು ದಾಟಿ ನಿಂತಿರುವ ಉದ್ದನೆಯ ಪ್ರೋಟೀನ್. ಪಕ್ಕದ ಕೋಶದ ಮೇಲಿನ ಡೆಲ್ಟಾ ಅಥವಾ ಸೆರೇಟ್ ಎಂಬ ಪ್ರೋಟೀನ್ ಅದನ್ನು ಹಿಡಿದು ಎಳೆಯುತ್ತದೆ. ಎಳೆದಾಗ ಹೊರಗೆ ಒಂದು ಕಡೆ ಅದು ತುಂಡಾಗುತ್ತದೆ. ಆಮೇಲೆ ಪೊರೆಯ ಒಳಗೇ ಗಾಮಾ-ಸೀಕ್ರಿಟೇಸ್ ಎಂಬ ಕಿಣ್ವ ಇನ್ನೊಂದು ಕಡೆ ಕತ್ತರಿಸುತ್ತದೆ. ಕಳಚಿದ ಒಳತುಂಡು ನೇರ ನ್ಯೂಕ್ಲಿಯಸ್‌ಗೆ ಹೋಗುತ್ತದೆ. ಬೇರೆ ಸಿಗ್ನಲ್‌ಗಳಲ್ಲಿ ನಡುವೆ ಕಿಣ್ವಗಳ ಸರಣಿ ಇರುತ್ತದೆ, ಸಣ್ಣ ಸುದ್ದಿ ದೊಡ್ಡದಾಗುತ್ತಾ ಹೋಗುತ್ತದೆ. ಇಲ್ಲಿ ಅದಿಲ್ಲ. ಒಂದು ನಾಚ್ ಒಂದೇ ಸಲ ಬಳಕೆಯಾಗುತ್ತದೆ, ಒಂದೇ ತುಂಡು ಕೊಡುತ್ತದೆ. ಹಾಗಾಗಿ ಪ್ರಮಾಣ ಸ್ವಲ್ಪ ಹೆಚ್ಚುಕಡಿಮೆಯಾದರೂ ನೊಣದ ಮೇಲೆ ಕಾಣುತ್ತದೆ. ಎರಡು ಎಕ್ಸ್ ಕ್ರೋಮೋಸೋಮ್‌ಗಳಲ್ಲಿ ಒಂದರ ನಾಚ್ ಕೆಟ್ಟರೆ ಸಾಕು, ಹೆಣ್ಣುನೊಣದ ರೆಕ್ಕೆಯಂಚು ಕಚ್ಚಿದಂತಾಗುತ್ತದೆ. ಗಂಡಿಗಿರುವುದು ಒಂದೇ ಎಕ್ಸ್, ಅದರ ನಾಚ್ ಕೆಟ್ಟರೆ ಗಂಡು ಮೊಟ್ಟೆಯಲ್ಲೇ ಸಾಯುತ್ತದೆ. ಥಾಮಸ್ ಹಂಟ್ ಮಾರ್ಗನ್ ಅವರ ಲ್ಯಾಬ್ 1910ರ ದಶಕದಲ್ಲೇ ಇದನ್ನು ಗುರುತಿಸಿತ್ತು. ನಿಮ್ಮ ಕ್ರಾಸ್‌ನಲ್ಲಿ ಆರ್‌ಎನ್‌ಎಐ ಜೋರು ಸ್ವಲ್ಪ ಏರುಪೇರಾದರೂ ನೊಣಗಳು ಬೇರೆಬೇರೆ ಕಾಣುವುದಕ್ಕೆ ಇದು ಒಂದು ಕಾರಣ.

ನ್ಯೂಕ್ಲಿಯಸ್ ಸೇರಿದ ತುಂಡು ತಾನಾಗಿ ಡಿಎನ್‌ಎ ಮೇಲೆ ಕೂರಲಾರದು. ಅಲ್ಲಿ ಸಪ್ರೆಸರ್ ಆಫ್ ಹೇರ್‌ಲೆಸ್ ಎಂಬ ಪ್ರೋಟೀನ್ ಇದೆ, ಸುಲಭಕ್ಕೆ ಸು-ಎಚ್ ಅನ್ನೋಣ. ಎಷ್ಟೋ ವಿದ್ಯಾರ್ಥಿಗಳು ಎಡವುವುದು ಇಲ್ಲೇ. ಸಿಗ್ನಲ್ ಇಲ್ಲದಾಗ ಜೀನ್ ಸುಮ್ನೆ ಕೂತಿರುತ್ತದೆ, ಬಂದಾಗ ಏಳುತ್ತದೆ ಅಂತ ಅಂದುಕೊಳ್ಳುತ್ತಾರೆ. ಹಾಗಲ್ಲ. ಸಿಗ್ನಲ್ ಇಲ್ಲದಾಗಲೂ ಸು-ಎಚ್ ಕೆಲಸ ಮಾಡುತ್ತಿರುತ್ತದೆ. ಹೇರ್‌ಲೆಸ್ ಎಂಬ ಪ್ರೋಟೀನನ್ನು ಕಟ್ಟಿಕೊಂಡು, ಅದರ ಮೂಲಕ ಗ್ರೌಚೋ ಮತ್ತು ಸಿಟಿಬಿಪಿ ಎಂಬ ಅದುಮುವ ಪ್ರೋಟೀನ್‌ಗಳನ್ನು ಕರೆತಂದು ಜೀನನ್ನು ಅದುಮಿ ಹಿಡಿಯುತ್ತದೆ. ನಾಚ್ ತುಂಡು ಬಂದಾಗ ಹೇರ್‌ಲೆಸ್ ಜಾಗ ಬಿಡುತ್ತದೆ, ಮಾಸ್ಟರ್‌ಮೈಂಡ್ ಎಂಬ ಇನ್ನೊಂದು ಪ್ರೋಟೀನ್ ಬಂದು ಸೇರುತ್ತದೆ, ಓದು ಶುರುವಾಗುತ್ತದೆ. ಅದುಮುವುದೂ ಅದೇ ಸು-ಎಚ್, ಎಬ್ಬಿಸುವುದೂ ಅದೇ ಸು-ಎಚ್. ಇದರಿಂದ ವಿಚಿತ್ರ ಅನ್ನಿಸುವ ಒಂದು ಫಲ ಬರುತ್ತದೆ: ಕೆಲವು ಜೀನ್‌ಗಳಲ್ಲಿ ನಾಚ್ ತೆಗೆದರೆ ಓದು ಪೂರ್ತಿ ನಿಲ್ಲುತ್ತದೆ, ಸು-ಎಚ್ ತೆಗೆದರೆ ಅಷ್ಟಿಷ್ಟು ಓದು ಉಳಿಯುತ್ತದೆ. ಅದುಮುವವರೂ ಇಲ್ಲವಾದರು ನೋಡಿ.

ಈ ಪದ್ಧತಿ ನಾಚ್‌ಗೆ ಮಾತ್ರ ಸೇರಿದ್ದಲ್ಲ. ವಿಂಗ್‌ಲೆಸ್ ಎಂಬ ಇನ್ನೊಂದು ಸಿಗ್ನಲ್ ಇಲ್ಲದಾಗ ಟಿಸಿಎಫ್ ಎಂಬ ಪ್ರೋಟೀನ್ ಗ್ರೌಚೋ ಜೊತೆ ಸೇರಿ ಜೀನ್‌ಗಳನ್ನು ಅದುಮುತ್ತದೆ. ಸಿಗ್ನಲ್ ಬಂದಾಗ ಆರ್ಮಡಿಲ್ಲೋ ಎಂಬ ಪ್ರೋಟೀನ್ ಬಂದು ಅದೇ ಟಿಸಿಎಫ್ ಜೊತೆ ಎಬ್ಬಿಸುತ್ತದೆ. ಹೆಜ್‌ಹಾಗ್ ಎಂಬ ಸಿಗ್ನಲ್ ಇಲ್ಲದಾಗ ಸಿಐ ಎಂಬ ಪ್ರೋಟೀನ್ ತುಂಡಾಗಿ ಅದುಮುವ ರೂಪ ತಾಳುತ್ತದೆ, ಇದ್ದಾಗ ಇಡಿಯಾಗಿ ಉಳಿದು ಎಬ್ಬಿಸುತ್ತದೆ. 2002ರಲ್ಲಿ ಸ್ಕಾಟ್ ಬರೋಲೋ ಮತ್ತು ಜೇಮ್ಸ್ ಪೊಸಕೋನಿ ಇವನ್ನೆಲ್ಲ ಒಟ್ಟಿಗಿಟ್ಟು ನೋಡಿ, ಸಿಗ್ನಲ್‌ಗಳಿಗೆ ಮೂರು ಸಾಮಾನ್ಯ ಗುಣ ಇದೆ ಎಂದು ಬರೆದರು. ಸಿಗ್ನಲ್ ಇಲ್ಲದಾಗ ಅದುಮುವುದು ಒಂದು. ಸಿಗ್ನಲ್ ಒಂದರಿಂದಲೇ ಜೀನ್ ಏಳದಿರುವುದು ಇನ್ನೊಂದು. ಆ ಜಾಗದ ಸ್ಥಳೀಯ ಪ್ರೋಟೀನ್‌ಗಳ ಜೊತೆ ಸೇರಿದರೆ ಮಾತ್ರ ಏಳುವುದು ಮೂರನೆಯದು. ವೈವಾಗೆ ಮೊದಲು ಓದಬೇಕಾದ ಒಂದೇ ಲೇಖನ ಯಾವುದು ಅಂತ ಕೇಳಿದರೆ ಇದನ್ನೇ ಹೇಳುತ್ತೇನೆ. ಅಂದಹಾಗೆ, ವಿಂಗ್‌ಲೆಸ್ ಮ್ಯುಟೇಶನ್ನನ್ನು 1973ರಲ್ಲಿ ಮೊದಲು ವರದಿ ಮಾಡಿದ್ದು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಆರ್. ಪಿ. ಶರ್ಮ. ಇವತ್ತು ಜಗತ್ತಿನಾದ್ಯಂತ ಕ್ಯಾನ್ಸರ್ ಲ್ಯಾಬ್‌ಗಳು ಹೇಳುವ ವಿಂಟ್ ಸಿಗ್ನಲ್‌ನ ಹೆಸರಿನ ಅರ್ಧ ಬಂದಿರುವುದು ಆ ನೊಣದಿಂದ. ನಮ್ಮ ತರಗತಿಗಳಲ್ಲಿ ಇದನ್ನು ಹೇಳುವವರು ಕಡಿಮೆ, ಹೇಳಬೇಕು.

ಈಗ ಬೆನ್ನಿನ ಕೂದಲು. ನೊಣದ ಬೆನ್ನಿನ ಮೇಲೆ ಎರಡೂ ಬದಿ ಸೇರಿ 22 ದೊಡ್ಡ ಬಿರುಗೂದಲು ಇರುತ್ತವೆ, ಜೊತೆಗೆ ಸಾಲುಸಾಲಾಗಿ ನೂರಾರು ಸಣ್ಣವು. ಒಂದೊಂದು ಕೂದಲೂ ಒಂದು ಪುಟ್ಟ ಸಂವೇದನಾ ಅಂಗ. ಹೊರಗೆ ಕಾಣುವುದು ಕೂದಲು ಮತ್ತು ಅದರ ಬುಡದ ಬಳೆ. ಒಳಗೆ ಒಂದು ನರಕೋಶ, ಅದಕ್ಕೆ ಹೊದಿಕೆಯ ಕೋಶ. ಇಷ್ಟೂ ಹುಟ್ಟುವುದು ಒಂದೇ ತಾಯಿಕೋಶದಿಂದ.

ನಾಚ್ ಇಲ್ಲಿ ಎರಡು ಸಲ ಬರುತ್ತದೆ. ಮೊದಲ ಸಲ, ತಾಯಿಕೋಶ ಯಾರಾಗಬೇಕು ಎಂದು ತೀರ್ಮಾನವಾಗುವಾಗ. ಅಕ್ಕಪಕ್ಕದ ಹಲವು ಕೋಶಗಳಲ್ಲಿ ಅಕೀಟ್ ಮತ್ತು ಸ್ಕ್ಯೂಟ್ ಜೀನ್‌ಗಳು ಓದಲ್ಪಡುತ್ತಿರುತ್ತವೆ. ಅಷ್ಟೂ ಕೋಶಕ್ಕೆ ತಾಯಿಯಾಗುವ ಶಕ್ತಿ ಇದೆ. ಒಂದು ಸ್ವಲ್ಪ ಮುಂದೆ ಹೋಗಿ ತನ್ನ ಡೆಲ್ಟಾದಿಂದ ಪಕ್ಕದವರ ನಾಚನ್ನು ಎಬ್ಬಿಸುತ್ತದೆ. ಪಕ್ಕದವರ ನ್ಯೂಕ್ಲಿಯಸ್‌ನಲ್ಲಿ ಸು-ಎಚ್ ಮೂಲಕ ಇ-ಎಸ್‌ಪಿಎಲ್ ಎಂಬ ಗುಂಪಿನ ಜೀನ್‌ಗಳು ಆನ್ ಆಗುತ್ತವೆ. ಈ ಗುಂಪಿನ ಪ್ರೋಟೀನ್‌ಗಳ ಕೆಲಸ ಅಕೀಟ್, ಸ್ಕ್ಯೂಟನ್ನು ಆಫ್ ಮಾಡುವುದು. ಅವರು ಮಾಮೂಲಿ ಚರ್ಮದ ಕೋಶವಾಗುತ್ತಾರೆ. ಆನ್ ಮಾಡುತ್ತದೋ ಆಫ್ ಮಾಡುತ್ತದೋ ಅಂತ ಕೇಳಿದ್ದಿರಿ. ನಾಚ್ ತಾನು ನೇರ ಮುಟ್ಟುವ ಜೀನನ್ನು ಆನ್ ಮಾಡುತ್ತದೆ, ಆ ಜೀನ್ ಇನ್ನೊಂದನ್ನು ಆಫ್ ಮಾಡುತ್ತದೆ. ಈ ಹಂತದಲ್ಲಿ ನಾಚ್ ಕಡಿಮೆಯಾದರೆ ಪಕ್ಕದವರನ್ನು ತಡೆಯುವವರಿಲ್ಲ, ಹಲವರು ತಾಯಿಕೋಶವಾಗುತ್ತಾರೆ. ನಿಮ್ಮ ಗುಂಪುಕೂದಲು ಇದೇ.

ಎರಡನೇ ಸಲ, ತಾಯಿಕೋಶ ಒಡೆಯುವಾಗ. 25 ಡಿಗ್ರಿಯಲ್ಲಿ ಬೆಳೆಸಿದರೆ ಸಣ್ಣ ಕೂದಲಿನ ತಾಯಿಕೋಶಗಳು ಪ್ಯೂಪಾ ಆದ ಸುಮಾರು 16 ಗಂಟೆಯ ಹೊತ್ತಿಗೆ ಒಡೆಯಲು ಶುರುಮಾಡುತ್ತವೆ. ಹುಟ್ಟಿದ ಎರಡು ಕೋಶಗಳಲ್ಲಿ ನಾಚ್ ಎದ್ದದ್ದು ಕೂದಲು ಮತ್ತು ಬಳೆಯ ಕಡೆ ಹೋಗುತ್ತದೆ. ನಾಚ್ ಏಳದ್ದು ನರಕೋಶದ ಕಡೆ ಹೋಗುತ್ತದೆ. ಇಲ್ಲಿ ನಾಚ್ ಕಡಿಮೆಯಾದರೆ ಎರಡೂ ನರಕೋಶದ ದಾರಿ ಹಿಡಿಯುತ್ತವೆ. ಹೊರಗೆ ಕೂದಲೂ ಇಲ್ಲ, ಬಳೆಯೂ ಇಲ್ಲ. ನಿಮ್ಮ ಬೋಳು ಬೆನ್ನಿನ ಅಡಿಯಲ್ಲಿ ನರಕೋಶಗಳು ಕಿಕ್ಕಿರಿದಿರುವ ಸಾಧ್ಯತೆ ಹೆಚ್ಚು. ಇನ್ನೂ ಸ್ವಲ್ಪ ತಡವಾಗಿ, ಕೂದಲು ಮತ್ತು ಬಳೆ ಬೇರೆಯಾಗುವಾಗ ನಾಚ್ ತಪ್ಪಿದರೆ ಬಳೆಯ ಬದಲು ಇನ್ನೊಂದು ಕೂದಲು ಬರುತ್ತದೆ. ಸ್ಟೀರಿಯೋ ಮೈಕ್ರೋಸ್ಕೋಪ್‌ನಲ್ಲಿ ಜಾಸ್ತಿ ಝೂಮ್ ಮಾಡಿ ನೋಡಿ. ಒಂದೇ ಬುಡದಿಂದ ಎರಡು ಕೂದಲು ಎದ್ದಿದ್ದು ಸುತ್ತ ಬಳೆ ಇಲ್ಲದಿದ್ದರೆ ಅದು ಈ ಕೊನೆಯ ಹಂತದ ಏಟು. ಬಳೆ ಸರಿಯಾಗಿದ್ದು ಕೂದಲು ಮಾತ್ರ ಒತ್ತೊತ್ತಾಗಿದ್ದರೆ ಮೊದಲ ಹಂತದ್ದು. ಕಾನ್‌ಫೋಕಲ್ ಇಲ್ಲದೆ, ಖರ್ಚಿಲ್ಲದೆ ಸಿಗುವ ಮಾಹಿತಿ ಇದು. ದಯವಿಟ್ಟು ಎಣಿಸಿ. ದೊಡ್ಡ ಕೂದಲು, ಸಣ್ಣ ಕೂದಲು ಬೇರೆಬೇರೆ ಎಣಿಸಿ, ಯಾಕೆಂದರೆ ದೊಡ್ಡವುಗಳ ತಾಯಿಕೋಶದ ಆಯ್ಕೆ ಬೇಗ, ಲಾರ್ವಾದ ಕೊನೆಯ ಹಂತದಲ್ಲೇ ಶುರುವಾಗಿರುತ್ತದೆ.

ಒಂದೇ ಬಾಟಲಿಯಲ್ಲಿ ಎರಡೂ ಬಂದಿದ್ದು ಹೇಗೆ ಅನ್ನುವುದಕ್ಕೆ ನಿಮ್ಮ ಪತ್ರದ ಕೊನೆಯ ಸಾಲಿನಲ್ಲೇ ಸುಳಿವಿದೆ: ಕರೆಂಟ್. ಗಾಲ್4 ಯೀಸ್ಟ್‌ನಿಂದ ತಂದ ಪ್ರೋಟೀನ್. ನೊಣದಲ್ಲಿ 18 ಡಿಗ್ರಿಯಲ್ಲಿ ಮಂದವಾಗಿ, 29ರಲ್ಲಿ ಜೋರಾಗಿ ಕೆಲಸ ಮಾಡುತ್ತದೆ. ಇನ್‌ಕ್ಯುಬೇಟರ್ ನಿಂತು ಒಳಗೆ ಬಿಸಿಯಾದಷ್ಟು ಹೊತ್ತು ಆರ್‌ಎನ್‌ಎಐ ಕೂಡ ಜೋರಾಗಿರುತ್ತದೆ. ಬಾಟಲಿಯಲ್ಲಿ ಹೆಣ್ಣುಗಳು ನಾಲ್ಕೈದು ದಿನ ಮೊಟ್ಟೆ ಇಟ್ಟಿದ್ದರೆ ಒಳಗೆ ನಾಲ್ಕೈದು ವಯಸ್ಸಿನ ಮರಿಗಳಿವೆ. ಅದೇ ಬಿಸಿ ಒಂದಕ್ಕೆ ತಾಯಿಕೋಶ ಆರಿಸುವಾಗ ತಗುಲಿತು, ಇನ್ನೊಂದಕ್ಕೆ ಒಡೆಯುವಾಗ. ನಾಚ್‌ನ ತಾಪ-ಸೂಕ್ಷ್ಮ ಮ್ಯುಟೇಶನ್ ಇಟ್ಟುಕೊಂಡು 1990ರಲ್ಲಿ ಹಾರ್ಟನ್‌ಸ್ಟೈನ್ ಮತ್ತು ಪೊಸಕೋನಿ ಇದನ್ನೇ ಬೇಕೆಂದು ಮಾಡಿ ತೋರಿಸಿದ್ದರು. ಬೇಗ ಬಿಸಿ ಮಾಡಿದರೆ ತಾಯಿಕೋಶ ಜಾಸ್ತಿ, ತಡವಾಗಿ ಮಾಡಿದರೆ ಕೂದಲಿನ ಬದಲು ನರಕೋಶ.

ಇನ್ನೊಂದು ಸಂಗತಿ ಪರೀಕ್ಷಿಸಿ. ಪ್ಯಾನಿಯರ್-ಗಾಲ್4 ಎರಡು ಪ್ರತಿ ಇದ್ದರೆ ನೊಣ ಉಳಿಯುವುದಿಲ್ಲ, ಹಾಗಾಗಿ ಸ್ಟಾಕನ್ನು ಬ್ಯಾಲೆನ್ಸರ್ ಮೇಲೆ, ಅಂದರೆ ಕಣ್ಣಿಗೆ ಕಾಣುವ ಗುರುತು ಇರುವ ಜೋಡಿ ಕ್ರೋಮೋಸೋಮ್ ಜೊತೆ, ಇಟ್ಟಿರುತ್ತಾರೆ. ಸಾಮಾನ್ಯವಾಗಿ ಅದು ಟಿಎಂ3. ನಿಮ್ಮ ಕ್ರಾಸ್‌ನಲ್ಲಿ ಅರ್ಧ ಮರಿಗಳಿಗೆ ಗಾಲ್4 ಬದಲು ಬ್ಯಾಲೆನ್ಸರ್ ಹೋಗಿರುತ್ತದೆ. ಅದರಲ್ಲಿ ಸ್ಟಬಲ್ ಗುರುತಿದ್ದರೆ ಬೆನ್ನಿನ ಕೂದಲು ತಾನಾಗೇ ಮೋಟಾಗಿರುತ್ತವೆ. ಸೆರೇಟ್ ಗುರುತಿದ್ದರೆ ರೆಕ್ಕೆಯ ತುದಿ ತಾನಾಗೇ ಕಚ್ಚಿದಂತಿರುತ್ತದೆ, ಯಾಕೆಂದರೆ ಸೆರೇಟ್ ನಾಚ್‌ಗೇ ಅಂಟುವ ಪ್ರೋಟೀನ್. ಈ ನೊಣಗಳನ್ನು ನಿಮ್ಮ ಫಲಿತಾಂಶದ ಜೊತೆ ಬೆರೆಸಿ ಎಣಿಸಿದರೆ ಲೆಕ್ಕವೆಲ್ಲ ಕಲಸಿಹೋಗುತ್ತದೆ. ನೊಣ ಬೇರ್ಪಡಿಸುವಾಗ ಬ್ಯಾಲೆನ್ಸರ್ ಗುರುತು ಮೊದಲು, ಕೂದಲು ಆಮೇಲೆ.

ಇನ್ನು ರೆಕ್ಕೆ. ಬೆನ್ನಿನ ಮೇಲೆ ಇ-ಎಸ್‌ಪಿಎಲ್ ಎಬ್ಬಿಸಿ ಅಕೀಟನ್ನು ಆಫ್ ಮಾಡುವ ಅದೇ ನಾಚ್, ರೆಕ್ಕೆಯ ಅಂಚಿನಲ್ಲಿ ವಿಂಗ್‌ಲೆಸ್, ಕಟ್, ವೆಸ್ಟಿಜಿಯಲ್ ಜೀನ್‌ಗಳನ್ನು ಎಬ್ಬಿಸುತ್ತದೆ. ಅವು ಏಳದಿದ್ದರೆ ಅಂಚಿನ ಅಂಗಾಂಶ ಉಳಿಯುವುದಿಲ್ಲ, ಕಚ್ಚಿದ ಹಾಗೆ ಕಾಣುತ್ತದೆ. ಹಾಗಾದರೆ ಬೆನ್ನಿನ ಕೂದಲಿನ ಜಾಗದಲ್ಲಿ ನಾಚ್ ಎದ್ದಾಗ ಕಟ್‌ನ ಈ ರೆಕ್ಕೆಯ ಓದು ಯಾಕೆ ಶುರುವಾಗುವುದಿಲ್ಲ?

ಶಾಲೆಯಲ್ಲಿ ಗಂಟೆ ಹೊಡೆದಾಗ ಒಂದು ತರಗತಿ ಊಟಕ್ಕೆ ಏಳುತ್ತದೆ, ಇನ್ನೊಂದು ಗಣಿತದ ಪುಸ್ತಕ ತೆಗೆಯುತ್ತದೆ. ಏನು ಮಾಡಬೇಕು ಎಂಬುದು ಗಂಟೆಯಲ್ಲಿಲ್ಲ, ಆ ತರಗತಿಯ ವೇಳಾಪಟ್ಟಿಯಲ್ಲಿದೆ. ಕೋಶದಲ್ಲಿ ಆ ಪಟ್ಟಿ ಇರುವುದು ಜೀನ್‌ನ ಅಕ್ಕಪಕ್ಕದ ಎನ್‌ಹಾನ್ಸರ್ ಎಂಬ ಡಿಎನ್‌ಎ ತುಣುಕುಗಳಲ್ಲಿ. ಕಟ್ ಜೀನ್‌ನ ರೆಕ್ಕೆಯಂಚಿನ ಎನ್‌ಹಾನ್ಸರ್‌ನಲ್ಲಿ ಸು-ಎಚ್ ಕೂರುವ ಜಾಗವೂ ಇದೆ, ಸ್ಕ್ಯಾಲಪ್ಡ್ ಎಂಬ ಪ್ರೋಟೀನ್ ಕೂರುವ ಜಾಗವೂ ಇದೆ. ರೆಕ್ಕೆಯಲ್ಲಿ ಸ್ಕ್ಯಾಲಪ್ಡ್ ವೆಸ್ಟಿಜಿಯಲ್ ಜೊತೆ ಜೋಡಿಯಾಗಿ ಕೂತಿರುತ್ತದೆ. ಆ ಜೋಡಿ ಕೂದಲಿನ ಕೋಶದಲ್ಲಿ ಇಲ್ಲ. 2001ರಲ್ಲಿ ಶಾನ್ ಕ್ಯಾರಲ್ ಅವರ ಲ್ಯಾಬ್ ಸ್ಕ್ಯಾಲಪ್ಡ್ ಜಾಗಗಳನ್ನು ಸಿಗ್ನಲ್ ಪ್ರೋಟೀನ್‌ಗಳ ಜಾಗಗಳ ಜೊತೆ ಕೃತಕವಾಗಿ ಹೊಲಿದು ನೊಣಕ್ಕೆ ಸೇರಿಸಿತು. ಅಂಥ ತುಣುಕು ರೆಕ್ಕೆಯಲ್ಲಿ ಓದಿಸಿತು.

ಹಾಗಂತ ಸರಿಯಾದ ಜಾಗಗಳನ್ನು ಸುಮ್ನೆ ಪೋಣಿಸಿದರೆ ಎಲ್ಲೆಡೆ ಕೆಲಸ ಆಗುತ್ತದೆ ಅಂದುಕೊಳ್ಳಬೇಡಿ. ಕಣ್ಣಿನ ಕೋನ್ ಕೋಶಗಳಲ್ಲಿ ಡಿ-ಪ್ಯಾಕ್ಸ್2 ಎಂಬ ಜೀನನ್ನು ಓದಿಸುವ ಸ್ಪಾರ್ಕ್ಲಿಂಗ್ ಎನ್‌ಹಾನ್ಸರ್ ಇದೆ, ಸುಮಾರು 360 ಅಕ್ಷರದ್ದು. ಅದಕ್ಕೆ ನಾಚ್ ಬೇಕು, ಇಜಿಎಫ್‌ಆರ್ ಎಂಬ ಇನ್ನೊಂದು ಸಿಗ್ನಲ್ ಬೇಕು, ಲೋಜೆಂಜ್ ಎಂಬ ಸ್ಥಳೀಯ ಪ್ರೋಟೀನೂ ಬೇಕು. ಈ ಮೂರಕ್ಕೂ ಸೇರಿ 12 ಜಾಗ ಗೊತ್ತಿದ್ದವು. ಬರೋಲೋ ಲ್ಯಾಬ್ ಆ 12 ಜಾಗಗಳನ್ನು ಅದೇ ಅಂತರದಲ್ಲಿ ಉಳಿಸಿ ನಡುವಿನ ಅಕ್ಷರಗಳನ್ನೆಲ್ಲ ಬದಲಿಸಿತು. ನೊಣದ ಕಣ್ಣಿನಲ್ಲಿ ಏನೂ ಓದಲಿಲ್ಲ. ತುಣುಕಿನ ಒಳಗಿನ ಭಾಗಗಳ ಜಾಗ ಅದಲುಬದಲು ಮಾಡಿದಾಗ ಕೋನ್ ಕೋಶ ಬಿಟ್ಟು ಬೆಳಕು ಗ್ರಹಿಸುವ ಬೇರೆ ಕೋಶಗಳಲ್ಲಿ ಓದು ಶುರುವಾಯಿತು. 2010ರ ಕೆಲಸ ಇದು. ಪಠ್ಯಪುಸ್ತಕದ ಬಾಣದ ಗುರುತಿನ ಚಿತ್ರ ಎಷ್ಟನ್ನು ಬಿಟ್ಟುಬಿಡುತ್ತದೆ ಅನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ಎರಡೂವರೆ ತಿಂಗಳಲ್ಲಿ ಏನು ಮಾಡಬಹುದು, ಯಾವುದರಲ್ಲಿ ಏನು ಅಪಾಯ ಅಂತ ಹೇಳುತ್ತೇನೆ. ನೊಣದ ಒಂದು ತಲೆಮಾರಿಗೆ 25 ಡಿಗ್ರಿಯಲ್ಲಿ ಸುಮಾರು 10 ದಿನ, 18ರಲ್ಲಿ ಹತ್ತಿರಹತ್ತಿರ ಎರಡರಷ್ಟು. ಈ ಲೆಕ್ಕ ಎದುರಿಗಿಟ್ಟುಕೊಂಡೇ ಆರಿಸಿ.

ಸುಲಭದ್ದು, ಅದೇ ಕ್ರಾಸನ್ನು ಹಿಡಿತದಲ್ಲಿ ಮತ್ತೆ ಮಾಡುವುದು. ಮೊಟ್ಟೆ ಇಡಲು ಕೆಲವೇ ಗಂಟೆ ಬಿಟ್ಟು ಹೆಣ್ಣುಗಳನ್ನು ಬೇರೆ ಬಾಟಲಿಗೆ ಹಾಕಿ. ಒಂದು ಗುಂಪು 18ರಲ್ಲಿ, ಒಂದು 25ರಲ್ಲಿ, ಒಂದು 29ರಲ್ಲಿ. ಒಂದೇ ಇನ್‌ಕ್ಯುಬೇಟರ್ ಆದರೆ ಸರದಿಯಲ್ಲಿ ಮಾಡಿ, ಒಳಗೆ ಕನಿಷ್ಠ-ಗರಿಷ್ಠ ತೋರಿಸುವ ಥರ್ಮಾಮೀಟರ್ ಇಟ್ಟು ದಿನವೂ ಬರೆದಿಡಿ. ಪ್ರತಿ ತಾಪದಲ್ಲೂ ಗಾಲ್4 ಮಾತ್ರ ಇರುವ ನೊಣ, ಆರ್‌ಎನ್‌ಎಐ ಮಾತ್ರ ಇರುವ ನೊಣ, ನೊಣದಲ್ಲೇ ಇಲ್ಲದ ಜಿಎಫ್‌ಪಿಯಂಥ ಜೀನ್‌ಗೆ ಮಾಡಿದ ಆರ್‌ಎನ್‌ಎಐ, ಈ ಮೂರು ಕಂಟ್ರೋಲ್ ಬೇಕೇ ಬೇಕು. ತಾಪ ಬದಲಾದರೆ ನೊಣದ ಗಾತ್ರವೂ ಬೆಳವಣಿಗೆಯ ವೇಗವೂ ಬದಲಾಗುತ್ತವೆ. ಕಂಟ್ರೋಲ್ ಇಲ್ಲದಿದ್ದರೆ ಅದನ್ನೇ ನಾಚ್ ಪರಿಣಾಮ ಅಂದುಕೊಳ್ಳುವ ಅಪಾಯ ಇದೆ. 29 ದಾಟಲು ಬಿಡಬೇಡಿ, 30ರ ಆಸುಪಾಸಿನಲ್ಲಿ ಗಂಡುನೊಣಗಳು ಬಂಜೆಯಾಗುತ್ತವೆ. ರವೆ-ಬೆಲ್ಲದ ಮೀಡಿಯಾ ಬಿಸಿಗೆ ಬೇಗ ಒಣಗುತ್ತದೆ, ಅದೂ ಮರಿಗಳನ್ನು ಸಾಯಿಸುತ್ತದೆ.

ಗೈಡ್ ಹೇಳಿದ ಹಾಗೆ ಇನ್ನೊಂದು ಸ್ಟಾಕ್ ತರಿಸುವುದೂ ಒಳ್ಳೆಯದೇ, ಆದರೆ ಬದಲಿಗಲ್ಲ, ಜೊತೆಗೆ. ನಾಚ್ ಎಂಆರ್‌ಎನ್‌ಎಯ ಬೇರೆ ಭಾಗವನ್ನು ಕತ್ತರಿಸುವ ಎರಡನೇ ಆರ್‌ಎನ್‌ಎಐ ಕೂಡ ಅದೇ ಫಲ ಕೊಟ್ಟರೆ ಎಕ್ಸ್‌ಟರ್ನಲ್ ಪರೀಕ್ಷಕರು ಬಾಯಿ ತೆರೆಯುವಂತಿಲ್ಲ. ವಿಯೆನ್ನಾ ಸಂಗ್ರಹದ ಕೆಕೆ ಸ್ಟಾಕ್ ಸಿಕ್ಕರೆ ಒಂದು ಎಚ್ಚರಿಕೆ: ಅವುಗಳಲ್ಲಿ ಕೆಲವಕ್ಕೆ 40ಡಿ ಎಂಬ ಜಾಗದಲ್ಲೂ ತುಣುಕು ಸೇರಿಕೊಂಡಿದೆ. ಗಾಲ್4 ಜೊತೆ ಅದು ನಾಚ್‌ಗೆ ಸಂಬಂಧವೇ ಇಲ್ಲದ ಲಕ್ಷಣ ಕೊಡಬಲ್ಲದು. ಪಿಸಿಆರ್‌ನಲ್ಲಿ ನೋಡಿಕೊಳ್ಳಿ. ಸ್ಟಾಕ್ ವಿಚಾರಕ್ಕೆ ಮೈಸೂರು ವಿಶ್ವವಿದ್ಯಾಲಯದ ಡ್ರೊಸೊಫಿಲಾ ಸ್ಟಾಕ್ ಸೆಂಟರ್‌ಗೂ, ಬೆಂಗಳೂರಿನ ಎನ್‌ಸಿಬಿಎಸ್ ಆವರಣದ ಫ್ಲೈ ಫೆಸಿಲಿಟಿಗೂ ಗೈಡ್ ಕಡೆಯಿಂದ ಪತ್ರ ಬರೆಸಿ. ಹೊರದೇಶದಿಂದ ತರಿಸಿದರೆ ಕಸ್ಟಮ್ಸ್‌ನಲ್ಲೇ ನಿಮ್ಮ ಸಮಯ ಹೋಗಬಹುದು.

ಗಾಲ್80-ಟಿಎಸ್ ಎಂಬ, ತಾಪ ನೋಡಿ ಗಾಲ್4 ತಡೆಯುವ ಪ್ರೋಟೀನ್ ಇರುವ ಸ್ಟಾಕ್ ಸಿಕ್ಕರೆ ನಿಮ್ಮ ಪ್ರಶ್ನೆಗೆ ನೇರ ಉತ್ತರ ಸಿಗುತ್ತದೆ. 18ರಲ್ಲಿ ಅದು ಗಾಲ್4 ಅನ್ನು ಕಟ್ಟಿಹಾಕುತ್ತದೆ, 29ರಲ್ಲಿ ಬಿಡುತ್ತದೆ. ಬೆಳ್ಳಗಿರುವ ಹೊಸ ಪ್ಯೂಪಾಗಳನ್ನು ಒದ್ದೆ ಬ್ರಶ್‌ನಿಂದ ಆರಿಸಿ, ಬೇರೆಬೇರೆ ಗಂಟೆಗೆ 29ಕ್ಕೆ ಹಾಕಿದರೆ ಯಾವ ಹೊತ್ತಿನ ಏಟು ಗುಂಪು ಮಾಡುತ್ತದೆ, ಯಾವುದು ಬೋಳು ಮಾಡುತ್ತದೆ ಎಂದು ತೋರಿಸಬಹುದು. ಇದರ ತೊಡಕು ವಿಳಂಬ. ಗಾಲ್4 ಬಿಡುಗಡೆಯಾದ ತಕ್ಷಣ ನಾಚ್ ಮಾಯವಾಗುವುದಿಲ್ಲ, ಮೊದಲೇ ತಯಾರಾದ ಪ್ರೋಟೀನ್ ಗಂಟೆಗಟ್ಟಲೆ ಉಳಿಯುತ್ತದೆ. ಹಾಗಾಗಿ ನೀವು ಬರೆದುಕೊಂಡ ಗಂಟೆಯೂ ಏಟು ಬಿದ್ದ ಗಂಟೆಯೂ ಒಂದೇ ಅಲ್ಲ. ಕ್ರೋಮೋಸೋಮ್‌ಗಳನ್ನು ಒಂದೇ ನೊಣದಲ್ಲಿ ಸೇರಿಸಲು ಎರಡು ಮೂರು ತಲೆಮಾರು ಬೇಕು, ಇವತ್ತೇ ಶುರುಮಾಡಬೇಕು.

ನಾಚ್‌ನ ಒಳತುಂಡನ್ನೇ ಜಾಸ್ತಿ ತಯಾರಿಸುವ ಸ್ಟಾಕ್ ಬಳಸಿ ಅಂತ ಯಾರಾದರೂ ಹೇಳಬಹುದು. ಫಲ ಎದ್ದು ಕಾಣುತ್ತದೆ ನಿಜ. ಆದರೆ ಅಷ್ಟು ಪ್ರಮಾಣ ಕೋಶದಲ್ಲಿ ಸಹಜವಾಗಿ ಎಂದೂ ಇರುವುದಿಲ್ಲ, ಸಾಮಾನ್ಯವಾಗಿ ಏಳದ ಜೀನ್‌ಗಳೂ ಎದ್ದುಬಿಡುತ್ತವೆ. ನಿಮ್ಮ ಪ್ರಶ್ನೆಗೆ ಅದು ಬೇಡ. ಕೆಲವೇ ಕೋಶಗಳಲ್ಲಿ ನಾಚ್ ಪೂರ್ತಿ ತೆಗೆಯುವ ಎಫ್‌ಆರ್‌ಟಿ ಕ್ಲೋನ್ ಮಾಡುವುದು ಎಲ್ಲಕ್ಕಿಂತ ಚೊಕ್ಕ ವಿಧಾನ, ಆದರೆ ನಿಮಗಿರುವ ಸಮಯಕ್ಕೆ ಆಗುವಂಥದ್ದಲ್ಲ.

ವೈವಾದ ಪ್ರಶ್ನೆ. ನೊಣದ ಫಲಿತಾಂಶವನ್ನು ಮನುಷ್ಯರಿಗೆ ನೇರ ಅಂಟಿಸಬೇಡಿ. ಆದರೆ ಮನುಷ್ಯರಲ್ಲೂ ನಾಚ್ ಇದೆ, ಜಾಗ ನೋಡಿ ಫಲ ಬದಲಾಗುವ ಗುಣವೂ ಇದೆ. ಟಿ-ಕೋಶದ ತೀವ್ರ ರಕ್ತಕ್ಯಾನ್ಸರ್‌ನ ಅರ್ಧಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ನಾಚ್1 ಅತಿಯಾಗಿ ಏಳುವಂಥ ಮ್ಯುಟೇಶನ್ ಇದೆ ಎಂದು 2004ರಲ್ಲಿ ಗೊತ್ತಾಯಿತು. ಚರ್ಮದ ಕೆಲವು ಕ್ಯಾನ್ಸರ್‌ಗಳಲ್ಲಿ ಅದೇ ನಾಚ್1 ಕೆಟ್ಟು ನಿಂತಿರುತ್ತದೆ. ಅಲ್ಝೈಮರ್ ಕಾಯಿಲೆಗೆ ಗಾಮಾ-ಸೀಕ್ರಿಟೇಸ್ ತಡೆಯುವ ಸೆಮಗಸೆಸ್ಟಾಟ್ ಎಂಬ ಔಷಧಿಯ ಪ್ರಯೋಗವನ್ನು 2010ರಲ್ಲಿ ನಿಲ್ಲಿಸಬೇಕಾಯಿತು. ರೋಗಿಗಳ ಸ್ಥಿತಿ ಸುಧಾರಿಸುವ ಬದಲು ಹದಗೆಟ್ಟಿತ್ತು, ಚರ್ಮದ ಕ್ಯಾನ್ಸರ್ ಕೂಡ ಹೆಚ್ಚಿತ್ತು. ಆ ಕಿಣ್ವ ನಾಚನ್ನೂ ಕತ್ತರಿಸುತ್ತದೆ ಎಂಬುದನ್ನು ನೀವು ಮೇಲೆ ಓದಿದಿರಿ. ಸಿಗ್ನಲನ್ನು ಮೈಯಿಡೀ ತಡೆದರೆ ಒಂದೊಂದು ಅಂಗದಲ್ಲಿ ಒಂದೊಂದು ಥರ ಆಗುತ್ತದೆ ಅಂತ ಎಕ್ಸ್‌ಟರ್ನಲ್‌ಗೆ ಹೇಳಿ, ಪಕ್ಕದಲ್ಲಿ ನಿಮ್ಮ ರೆಕ್ಕೆ ಮತ್ತು ಬೆನ್ನಿನ ಫೋಟೋ ಇಡಿ.

ಬೇರೆ ಏನನ್ನೂ ಮಾಡಲಾಗದಿದ್ದರೂ ಇದೊಂದನ್ನು ಮಾಡಿ. ಬೋಳಾಗುವ ಕ್ರಾಸ್‌ನ ಪ್ಯೂಪಾಗಳನ್ನು 25 ಡಿಗ್ರಿಯಲ್ಲಿ, ಪ್ಯೂಪಾ ಆದ ಸುಮಾರು 28 ಗಂಟೆಗೆ ಬಿಡಿಸಿ, ಬೆನ್ನಿನ ಚರ್ಮ ತೆಗೆದು ಇಲಾವ್ ಆಂಟಿಬಾಡಿ ಹಾಕಿ. ಇಲಾವ್ ನರಕೋಶದ ನ್ಯೂಕ್ಲಿಯಸ್‌ಗೆ ಮಾತ್ರ ಅಂಟುತ್ತದೆ. ಅಯೋವಾದ ಹೈಬ್ರಿಡೋಮಾ ಬ್ಯಾಂಕ್‌ನದ್ದು ಹೆಚ್ಚಿನ ಫ್ಲೈ ಲ್ಯಾಬ್‌ಗಳ ಫ್ರಿಜ್‌ನಲ್ಲಿರುತ್ತದೆ, ಕೇಳಿದರೆ ಒಂದಿಷ್ಟು ಕೊಡುತ್ತಾರೆ. ಫ್ಲೋರೆಸೆಂಟ್ ಬೇಡ, ಎಚ್‌ಆರ್‌ಪಿ ಕಿಣ್ವ ಅಂಟಿಸಿದ ಸೆಕೆಂಡರಿ ಆಂಟಿಬಾಡಿ ಹಾಕಿ ಡಿಎಬಿ ಎಂಬ ರಾಸಾಯನಿಕದಿಂದ ಕಂದು ಬಣ್ಣ ಬರಿಸಿ. ಮಾಮೂಲಿ ಕಾಂಪೌಂಡ್ ಮೈಕ್ರೋಸ್ಕೋಪ್‌ನಲ್ಲೇ ಕಾಣುತ್ತದೆ. ಕಂಟ್ರೋಲ್ ನೊಣದಲ್ಲಿ ಒಂದು ಕೂದಲಿನ ಜಾಗಕ್ಕೆ ಒಂದು ಕಂದು ಚುಕ್ಕೆ ಇರಬೇಕು. ನಿಮ್ಮ ಬೋಳು ಜಾಗದಲ್ಲಿ ಚುಕ್ಕೆಗಳು ಗೊಂಚಲಾಗಿದ್ದರೆ ಕೋಶಗಳು ನರಕೋಶದ ದಾರಿ ಹಿಡಿದಿವೆ, ಬೋಳಿಗೆ ಕಾರಣ ನಾಚ್. ಚುಕ್ಕೆಯೇ ಇಲ್ಲದಿದ್ದರೆ ಆ ಕೋಶಗಳು ಸತ್ತಿವೆ ಅಥವಾ ತಾಯಿಕೋಶವೇ ಹುಟ್ಟಿಲ್ಲ. ಆಗ ಗೈಡ್ ಅನುಮಾನ ಸರಿ ಇರಬಹುದು, ಎರಡನೇ ಆರ್‌ಎನ್‌ಎಐ ಸ್ಟಾಕ್ ತರಿಸಿಯೇ ಮುಂದೆ ಹೋಗಿ.